ಆಯಿಲ್ ಬಿಸಿಯ ಬೆನ್ನು ಹತ್ತಿ

ನೆಲ ಬಿಟ್ಟು ನಾಲ್ಕು ನಿಮಿಷ ಆಗಿತ್ತು ಅಷ್ಟೆ. ಆಯಿಲ್ ಮೀಟರ್ 128 ಡಿಗ್ರಿ ತೋರಿಸುತ್ತಿತ್ತು. ನನ್ನ ಎಂಜಿನ್ನಿಗೆ ಮಿತಿ 130. ಮೂಗು ತಗ್ಗಿಸಿದೆ, ಥ್ರಾಟಲ್ ಹಿಂದಕ್ಕೆ ಎಳೆದೆ, ರನ್‌ವೇ ಕಣ್ಣಿಂದ ಮರೆಯಾಗದ ಹಾಗೆ ಒಂದು ಸುತ್ತು ಹಾಕಿ ಇಳಿದೆ. ಎಂಜಿನ್ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಸೀಟಿನಲ್ಲೇ ಕೂತಿದ್ದೆ. ಈ ವಿಮಾನದ ಒಂದೊಂದು ರಿವೆಟ್ಟನ್ನೂ ನಾನೇ ಹೊಡೆದಿದ್ದೇನೆ. ಆದರೂ ಎಂಜಿನ್ ಮುಚ್ಚುವ ಆ ಕೌಲಿಂಗ್ ಒಳಗೆ ಗಾಳಿ ಎಲ್ಲಿ ಬರುತ್ತೆ, ಎಲ್ಲಿ ಹೋಗುತ್ತೆ ಅಂತ ಯಾರಾದರೂ ಕೇಳಿದ್ದರೆ ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಮಾನ ಚಿಕ್ಕದು. ಅಕ್ಕಪಕ್ಕ ಇಬ್ಬರು ಕೂರಬಹುದು. ಮೈಯೆಲ್ಲ ಅಲ್ಯೂಮಿನಿಯಂ ತಗಡು, ಪಾಪ್ ರಿವೆಟ್. ಮುಂದೆ ರೋಟ್ಯಾಕ್ಸ್ 912 ಯುಎಲ್‌ಎಸ್. 1352 ಸಿಸಿ, ನಾಲ್ಕು ಸಿಲಿಂಡರ್, 100 ಅಶ್ವಶಕ್ತಿ. 5800 ಸುತ್ತು ತಿರುಗುವ ಎಂಜಿನ್ ಇದು. ಮಧ್ಯದಲ್ಲಿ ಗೇರ್‌ಬಾಕ್ಸ್ ಇರುವುದರಿಂದ ಪ್ರೊಪೆಲ್ಲರ್ ತಿರುಗುವುದು ಅದರ ಅರ್ಧಕ್ಕಿಂತ ಕಡಿಮೆ, ನಿಮಿಷಕ್ಕೆ ಸುಮಾರು 2390 ಸುತ್ತು. ಸಿಲಿಂಡರಿನ ತಲೆಗೆ ನೀರು ತಂಪು ಕೊಡುತ್ತದೆ, ಸಿಲಿಂಡರಿನ ಮೈಗೆ ಗಾಳಿ, ಉಳಿದ ಬಿಸಿಯನ್ನೆಲ್ಲ ಆಯಿಲ್ ಹೊತ್ತು ತರಬೇಕು. ಎಂಜಿನ್ ಕಾರ್ಖಾನೆಯಲ್ಲಿ ತಯಾರಾದದ್ದು. ಅದರ ಸುತ್ತ ಇರುವ ಕೌಲಿಂಗ್, ಗಾಳಿ ಒಯ್ಯುವ ಡಕ್ಟ್, ವೈರಿಂಗ್ ಎಲ್ಲ ನನ್ನದು. ಹಾಗಾಗಿ ತಪ್ಪೂ ನನ್ನ ಕಡೆಯೇ ಇರಬೇಕು ಅನ್ನುವುದು ಮೊದಲ ದಿನವೇ ಖಾತ್ರಿಯಾಗಿತ್ತು.

ಆದರೂ ನಾನು ಮೊದಲು ಮಾಡಿದ ಕೆಲಸ ತಪ್ಪು. ಬಿಸಿ ಜಾಸ್ತಿ ಆಗ್ತಿದೆ, ಹಾಗಾದರೆ ಕೂಲರ್ ದೊಡ್ಡದಾಗಬೇಕು ಅಂತ ಯೋಚಿಸಿದೆ. ದೊಡ್ಡ ಆಯಿಲ್ ಕೂಲರ್ ತಂದೆ. ಅದಕ್ಕೆ ಹೊಸ ಬ್ರಾಕೆಟ್ ಮಾಡಿದೆ, ಡಕ್ಟನ್ನು ಕತ್ತರಿಸಿ ಅಗಲ ಮಾಡಿದೆ. ಎರಡು ವಾರ ಹೋಯಿತು. ಹಾರಿಸಿ ನೋಡಿದರೆ ಅದೇ ನಾಲ್ಕು ನಿಮಿಷ, ಅದೇ 127, 128.

ನಮ್ಮ ಹ್ಯಾಂಗರಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ವಿಮಾನದ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ನಾನು ಎರಡನೇ ಸಲ ಕೌಲಿಂಗ್ ಬಿಚ್ಚುತ್ತಿರುವಾಗ ಹತ್ತಿರ ಬಂದು ನಿಂತರು.

"ಮೀಟರ್ ಸರಿ ಇದೆಯೇನಪ್ಪಾ?"

"ಹೊಸ ಮೀಟರ್ ಸರ್."

"ಹೊಸದೋ ಹಳೆಯದೋ ಕೇಳಲಿಲ್ಲ ನಾನು. ಸರಿ ಇದೆಯಾ ಅಂತ ಕೇಳಿದೆ."

ನಾನು ಸುಮ್ಮನಾದೆ. ಮಾರನೇ ದಿನ ಅವರೇ ಒಂದು ವಿದ್ಯುತ್ ಕೆಟಲ್ ತಂದರು. ಆಯಿಲ್ ತಾಪ ಅಳೆಯುವ ಸೆಂಡರನ್ನು ಎಂಜಿನ್ನಿನಿಂದ ಬಿಚ್ಚಿದೆವು. ಅದರ ಮೈಗೆ ಒಂದು ವೈರ್ ಕಟ್ಟಿ ಎಂಜಿನ್ ಬ್ಲಾಕಿಗೆ ಜೋಡಿಸಿದೆವು, ಯಾಕೆಂದರೆ ಸೆಂಡರಿಗೆ ಅರ್ತ್ ಸಿಗುವುದು ಬ್ಲಾಕಿನಿಂದಲೇ. ಆಮೇಲೆ ಅದನ್ನು ಕುದಿಯುವ ನೀರಿನಲ್ಲಿ ಇಳಿಬಿಟ್ಟೆವು. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಎತ್ತರ ಹೋದ ಹಾಗೆ ಸುಮಾರು 300 ಮೀಟರಿಗೆ ಒಂದು ಡಿಗ್ರಿ ಕಡಿಮೆ. ನಮ್ಮ ಜಾಗದ ಲೆಕ್ಕಕ್ಕೆ 98 ಬರಬೇಕು. ಮೀಟರ್ 98 ತೋರಿಸಿತು. ನನಗೆ ನಿರಾಳವೂ ಆಯಿತು, ನಿರಾಸೆಯೂ ಆಯಿತು.

"ಈಗ ಹಾರುವಾಗ ಏನೇನು ಹಾಕಿರುತ್ತೀಯೋ ಎಲ್ಲ ಹಾಕು" ಅಂದರು.

ಇಂಧನದ ವಿದ್ಯುತ್ ಪಂಪ್ ಹಾಕಿದೆ. ಮೀಟರ್ 101ಕ್ಕೆ ಹೋಯಿತು. ಲ್ಯಾಂಡಿಂಗ್ ಲೈಟ್ ಹಾಕಿದೆ. 106. ರೆಕ್ಕೆ ತುದಿಯ ಮಿನುಗು ದೀಪ ಹಾಕಿದೆ. 107. ನೀರು ಅದೇ ನೀರು, ಅದೇ ಕುದಿ. ಒಂಬತ್ತು ಡಿಗ್ರಿ ಎಲ್ಲಿಂದಲೋ ಬಂದು ಸೇರಿಕೊಂಡಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಮನೆಯಲ್ಲಿ ಕಟ್ಟಿದ ವಿಮಾನಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಸೆಂಡರ್ ಅಂದರೆ ಬಿಸಿಯಾದಷ್ಟೂ ವಿದ್ಯುತ್ತಿಗೆ ತಡೆ ಕಡಿಮೆ ಆಗುವ ಒಂದು ಪುಟ್ಟ ವಸ್ತು. ಮೀಟರ್ ಆ ವೈರಿನ ವೋಲ್ಟೇಜನ್ನು ತನ್ನ ಅರ್ತ್ ಜೊತೆ ಹೋಲಿಸಿ ನೋಡುತ್ತದೆ. ನಾನು ಪ್ಯಾನೆಲ್ಲಿನ ಎಲ್ಲ ಅರ್ತ್ ವೈರುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ, ಕೊನೆಗೆ ಒಂದೇ ವೈರಿನಲ್ಲಿ ಫೈರ್‌ವಾಲಿಗೆ, ಅಂದರೆ ಎಂಜಿನ್ನಿಗೂ ಕೂರುವ ಜಾಗಕ್ಕೂ ಮಧ್ಯದ ಗೋಡೆಗೆ, ತಂದಿದ್ದೆ. ಲೈಟು, ಪಂಪು ಎಳೆಯುವ ಕರೆಂಟೆಲ್ಲ ಆ ಒಂದೇ ದಾರಿಯಲ್ಲಿ ವಾಪಸ್ ಹೋಗಬೇಕು. ಆಗ ಪ್ಯಾನೆಲ್ಲಿನ ಅರ್ತ್ ಎಂಜಿನ್ ಬ್ಲಾಕಿಗಿಂತ ಒಂದಿಷ್ಟು ಮೇಲೆ ಏರುತ್ತದೆ. ವೋಲ್ಟಿನ ಒಂದು ಸಣ್ಣ ಪಾಲು ಅಷ್ಟೆ. ಆದರೆ ಮೀಟರಿಗೆ ಸೆಂಡರಿನ ವೋಲ್ಟೇಜ್ ಅಷ್ಟು ಕಡಿಮೆ ಕಾಣುತ್ತದೆ. ಕಡಿಮೆ ಅಂದರೆ ಅದರ ಲೆಕ್ಕದಲ್ಲಿ ಜಾಸ್ತಿ ಬಿಸಿ.

ಎರಡು ಸಂಜೆ ಕೂತು ಅರ್ತ್ ವೈರುಗಳನ್ನೆಲ್ಲ ಬಿಚ್ಚಿ, ಒಂದೊಂದನ್ನೂ ಪ್ರತ್ಯೇಕವಾಗಿ ಫೈರ್‌ವಾಲಿನ ಒಂದೇ ಬಿಂದುವಿಗೆ ತಂದೆ. ಮೀಟರಿಗೆ ಅದರದ್ದೇ ಆದ ವೈರ್. ಬ್ಲಾಕಿನಿಂದ ಅದೇ ಬಿಂದುವಿಗೆ ಒಂದು ದಪ್ಪ ಪಟ್ಟಿ. ಮತ್ತೆ ಕೆಟಲ್ ಇಟ್ಟೆವು. ಎಲ್ಲ ಹಾಕಿದರೂ 98, ಎಲ್ಲ ಆರಿಸಿದರೂ 98.

ಹಾಗಾದರೆ ಆ ದಿನದ 128 ನಿಜಕ್ಕೂ 119 ಇರಬೇಕು. ಮಿತಿಯೊಳಗೇ ಇದೆ. ಆದರೆ ಅಷ್ಟಕ್ಕೆ ಬಿಡಲು ಮನಸ್ಸು ಒಪ್ಪಲಿಲ್ಲ. ಈ ಎಂಜಿನ್ನಿಗೆ 90ರಿಂದ 110 ಡಿಗ್ರಿ ಹಿತ. ನಾನು ಅಳೆದದ್ದು ತೀರಾ ಸುಡುಬಿಸಿಲಿನ ದಿನವೂ ಅಲ್ಲ. ಜಾಸ್ತಿ ಬಿಸಿಲಿನಲ್ಲಿ, ಇಬ್ಬರು ಕೂತು, ತುಂಬಿದ ಟ್ಯಾಂಕಿನಲ್ಲಿ ಏರಿದರೆ ಉಳಿದ ಆ 11 ಡಿಗ್ರಿ ಬೇಗ ಕರಗುತ್ತದೆ.

ಕೌಲಿಂಗ್ ಹೇಗೂ ಬಿಚ್ಚಿತ್ತು. ವಾರ್ಷಿಕ ತಪಾಸಣೆಗೆ ಇನ್ನೂ ಒಂದು ತಿಂಗಳಿತ್ತು. ಅದನ್ನೂ ಈಗಲೇ ಮುಗಿಸೋಣ ಅಂತ ತೀರ್ಮಾನ ಮಾಡಿದೆ.

ತಪಾಸಣೆ ಅಂದರೆ ನನಗೆ ಬಹಳ ಇಷ್ಟದ ಕೆಲಸ. ಎಷ್ಟೋ ಜನ ಇದನ್ನು ಹಾರಾಟದ ಮಧ್ಯೆ ಬರುವ ಶಿಕ್ಷೆ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಮುಚ್ಚಳಗಳನ್ನೆಲ್ಲ ತೆಗೆದು, ಸೀಟು ಹೊರಗಿಟ್ಟು, ಟಾರ್ಚು ಮತ್ತು ಚಿಕ್ಕ ಕನ್ನಡಿ ಹಿಡಿದು ವಿಮಾನದೊಳಗೆ ತಲೆ ಹಾಕಿದರೆ ಕಟ್ಟಿದ ದಿನಗಳೆಲ್ಲ ವಾಪಸ್ ಬರುತ್ತವೆ. ಎಲ್ಲಿ ಕೈ ನಡುಗಿತ್ತು, ಎಲ್ಲಿ ಎರಡನೇ ಸಲ ರಂಧ್ರ ಕೊರೆದಿದ್ದೆ, ಎಲ್ಲ ನೆನಪಾಗುತ್ತದೆ.

ಎಂಜಿನ್ನಿನಿಂದ ಶುರು ಮಾಡಿದೆ. ಆಯಿಲ್ ನೋಡುವ ಮೊದಲು ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಬೇಕು. ಇಗ್ನಿಷನ್ ಆಫ್ ಇದೆ ಅಂತ ಎರಡು ಸಲ ನೋಡಿಕೊಂಡು, ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಬೇಕು. ಹಿಮ್ಮುಖವಾಗಿ ತಿರುಗಿಸಿದರೆ ಆಯಿಲ್ ದಾರಿಯಲ್ಲಿ ಗಾಳಿ ಸೇರುತ್ತದೆ. ಈ ಎಂಜಿನ್ನಿನ ಆಯಿಲ್ ಬೇರೆ ಟ್ಯಾಂಕಿನಲ್ಲಿ ಇರುತ್ತದೆ. ಎಂಜಿನ್ ತಳದಲ್ಲಿ ಉಳಿದದ್ದೆಲ್ಲ ಟ್ಯಾಂಕಿಗೆ ಹೋಗುವ ತನಕ ತಿರುಗಿಸುತ್ತಾ ಇದ್ದರೆ, ಕೊನೆಗೆ ಟ್ಯಾಂಕಿನಿಂದ ಗುಳುಗುಳು ಅಂತ ಶಬ್ದ ಬರುತ್ತದೆ. ಆಮೇಲೆ ಅಳತೆ ಕಡ್ಡಿ ನೋಡಿದರೆ ಅದು ಸರಿಯಾದ ಅಳತೆ.

ಆಯಿಲ್ ಇಳಿಸಿ ಹಳೆಯ ಫಿಲ್ಟರನ್ನು ಕತ್ತರಿಸಿದೆ. ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಹಿಂಡಿ, ಬಿಸಿಲಿಗೆ ಹಿಡಿದು ನೋಡಬೇಕು. ಲೋಹದ ಚೂರು ಹೊಳೆಯುತ್ತದೆಯಾ? ಏನೂ ಇರಲಿಲ್ಲ. ಅಯಸ್ಕಾಂತದ ಪ್ಲಗ್ ತುದಿಯಲ್ಲಿ ತೆಳ್ಳಗೆ ಕಪ್ಪು ನೂಲಿನಂಥ ಪುಡಿ ಇತ್ತು. ಅಷ್ಟು ಇದ್ದೇ ಇರುತ್ತದೆ. ಅದರ ಫೋಟೋ ತೆಗೆದು ಹೋದ ವರ್ಷದ ಫೋಟೋ ಪಕ್ಕದಲ್ಲಿಟ್ಟು ನೋಡಿದೆ. ಜಾಸ್ತಿ ಆಗಿರಲಿಲ್ಲ. ಒಂದು ವರ್ಷದ ಫೋಟೋ ಅಷ್ಟೇನೂ ಹೇಳುವುದಿಲ್ಲ, ಎರಡು ಪಕ್ಕಪಕ್ಕ ಇಟ್ಟಾಗಲೇ ಅದು ಮಾತಾಡುತ್ತದೆ.

ಎರಡು ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚಿ, ಪೆಟ್ರೋಲಿನಲ್ಲಿ ತೇಲುವ ಫ್ಲೋಟುಗಳನ್ನು ತೂಗಿದೆ. ಒಂದು ಕಾರ್ಬ್ಯುರೇಟರಿನ ಜೋಡಿ ಫ್ಲೋಟ್ 7 ಗ್ರಾಂ ದಾಟಬಾರದು. ದಾಟಿದರೆ ಅವು ಪೆಟ್ರೋಲ್ ಹೀರಿಕೊಂಡಿವೆ, ಮುಳುಗುತ್ತವೆ ಅಂತ ಅರ್ಥ. ನಮ್ಮವು 6.3 ಮತ್ತು 6.5. ಆಮೇಲೆ ಎರಡೂ ಕಡೆ ವ್ಯಾಕ್ಯೂಮ್ ಗೇಜ್ ಹಾಕಿ ಎರಡು ಕಾರ್ಬ್ಯುರೇಟರುಗಳನ್ನು ಸಮ ಮಾಡಿದೆ. ಇದು ಬರೀ ಎಂಜಿನ್ ನಯವಾಗಿ ಓಡಲಿ ಅಂತಲ್ಲ. ಎರಡು ಬದಿ ಬೇರೆ ಬೇರೆ ಎಳೆದರೆ ಆ ಕಂಪನವನ್ನೆಲ್ಲ ಗೇರ್‌ಬಾಕ್ಸ್ ತಿನ್ನಬೇಕಾಗುತ್ತದೆ. ಎಕ್ಸಾಸ್ಟ್ ಹಿಡಿದಿರುವ ಸ್ಪ್ರಿಂಗುಗಳ ಲಾಕ್ ವೈರ್ ನೋಡಿದೆ. ಸ್ಪ್ರಿಂಗ್ ಮುರಿದರೆ ತುಂಡು ಹಾರಿ ಪ್ರೊಪೆಲ್ಲರಿಗೋ ಇನ್ನೆಲ್ಲಿಗೋ ಹೋಗದಿರಲಿ ಅಂತ ಆ ವೈರ್. ಎಲ್ಲ ಸರಿ ಇತ್ತು.

ಇಂಧನದ ಒಂದು ರಬ್ಬರ್ ಹೋಸ್ ಮಾತ್ರ ನನಗೆ ಹಿಡಿಸಲಿಲ್ಲ. ಬೆರಳಲ್ಲಿ ಒತ್ತಿದರೆ ಉಳಿದವು ಮೆತ್ತಗೆ ಬಗ್ಗುತ್ತಿದ್ದವು, ಇದು ಗಟ್ಟಿಯಾಗಿತ್ತು. ಎಕ್ಸಾಸ್ಟ್ ಪೈಪಿಗೆ ಹತ್ತಿರ ಹೋಗಿದ್ದ ಹೋಸ್. ಈ ಎಂಜಿನ್ನಿನ ರಬ್ಬರ್ ಭಾಗಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕು, ನನ್ನವಕ್ಕೆ ಮೂರೇ ವರ್ಷ ಆಗಿತ್ತು. ಆದರೆ ಬಿಸಿಗೆ ಕ್ಯಾಲೆಂಡರ್ ಗೊತ್ತಿಲ್ಲ ಅಲ್ವಾ? ಹೊಸ ಹೋಸ್ ಹಾಕಿ, ಬೆಂಕಿ ತಡೆಯುವ ತೋಳು ತೊಡಿಸಿ, ದಾರಿಯನ್ನೇ ಬದಲಿಸಿ ದೂರ ಒಯ್ದೆ.

ದಾರಿ ಬದಲಿಸಿದರೆ ಹರಿವನ್ನು ಅಳೆಯಬೇಕು. ಪೂರ್ತಿ ಶಕ್ತಿಯಲ್ಲಿ ಎಂಜಿನ್ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪ್ ಇರುವ ವ್ಯವಸ್ಥೆಯಲ್ಲಿ ಅದರ ಒಂದೂಕಾಲು ಪಟ್ಟು ಬರಬೇಕು ಅನ್ನುವುದು ಪದ್ಧತಿ. ಅಂದರೆ 34 ಲೀಟರ್. ಮುಂದಿನ ಚಕ್ರವನ್ನು ಎತ್ತರದ ಮಣೆಯ ಮೇಲೆ ಇಟ್ಟು, ಏರುವಾಗಿನಷ್ಟು ಮೂಗು ಮೇಲೆ ಮಾಡಿ, ಟ್ಯಾಂಕಿನಲ್ಲಿ ತಳದಲ್ಲಷ್ಟೇ ಪೆಟ್ರೋಲ್ ಬಿಟ್ಟು ಪಂಪ್ ಹಾಕಿದೆವು. ಹತ್ತು ನಿಮಿಷಕ್ಕೆ ಕ್ಯಾನಿನಲ್ಲಿ 9 ಲೀಟರ್. ಗಂಟೆಗೆ 54. ಧಾರಾಳ.

ಮೈ ಭಾಗದ ತಪಾಸಣೆಯಲ್ಲಿ ರಿವೆಟ್ ಸಾಲುಗಳನ್ನು ನಾನು ಒದ್ದೆ ಬಟ್ಟೆಯಲ್ಲಿ ಒರೆಸುವ ಮೊದಲೇ ನೋಡುತ್ತೇನೆ. ಸಡಿಲವಾದ ರಿವೆಟ್ಟಿನ ಸುತ್ತ ಬೂದು ಬಣ್ಣದ ಕಲೆ ಇರುತ್ತದೆ, ಗಾಳಿ ಹೋಗುವ ಕಡೆಗೆ ಬಾಲದ ಹಾಗೆ ಚಾಚಿರುತ್ತದೆ. ಎರಡು ಲೋಹ ಒಂದಕ್ಕೊಂದು ಉಜ್ಜಿ ಬಂದ ಪುಡಿ ಅದು. ವಿಮಾನವನ್ನು ಮೊದಲೇ ತೊಳೆದುಬಿಟ್ಟರೆ ಅದು ಕಾಣುವುದಿಲ್ಲ. ತೊಳೆದ ವಿಮಾನ ಕಣ್ಣಿಗೆ ಚೆಂದ, ತಪಾಸಣೆಗೆ ಅಲ್ಲ.

ಆಮೇಲೆ ಕೇಬಲ್ಲುಗಳು. ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ರಡ್ಡರಿನ ಕೇಬಲ್ ಅಂದರೆ ಏಳು ಎಳೆ, ಒಂದೊಂದು ಎಳೆಯಲ್ಲಿ ಹತ್ತೊಂಬತ್ತು ತಂತಿ. ಹತ್ತಿ ಬಟ್ಟೆಯನ್ನು ಸುತ್ತಿ ಉದ್ದಕ್ಕೂ ಎಳೆಯಬೇಕು. ಮುರಿದ ತಂತಿ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬಲಗಡೆಯ ಕೇಬಲ್ಲಿನಲ್ಲಿ, ಸೀಟಿನ ಹಿಂದಿನ ಪುಲ್ಲಿಯ ಹತ್ತಿರ, ಬಟ್ಟೆ ಸಿಕ್ಕಿತು. ಕೇಬಲ್ ಬಗ್ಗಿಸಿ ಭೂತಗನ್ನಡಿಯಲ್ಲಿ ನೋಡಿದೆ. ಎರಡು ತಂತಿ ಮುರಿದಿದ್ದವು.

ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. 133 ತಂತಿಗಳಲ್ಲಿ ಎರಡು ಮುರಿದರೆ ಕೇಬಲ್ ಕಿತ್ತು ಹೋಗುವುದಿಲ್ಲ. ಅದು ನನಗೂ ಗೊತ್ತು. ಆದರೆ ತಂತಿ ಸುಮ್ನೆ ಮುರಿಯುವುದಿಲ್ಲ. ಪುಲ್ಲಿಯ ಮೇಲೆ ಒಂದು ಸ್ಕೇಲ್ ಇಟ್ಟು ನೋಡಿದಾಗ ಕಾರಣ ಸಿಕ್ಕಿತು. ಬ್ರಾಕೆಟ್ ಕೇಬಲ್ಲಿನ ನೇರಕ್ಕಿರಲಿಲ್ಲ, ಒಂದು ಪಕ್ಕಕ್ಕೆ ತುಸು ವಾಲಿತ್ತು. ಕಟ್ಟುವ ಕಾಲದಲ್ಲಿ ನಾನೇ ಕೂರಿಸಿದ್ದು. ಪ್ರತಿ ಸಲ ಪೆಡಲ್ ತುಳಿದಾಗಲೂ ಕೇಬಲ್ ಪುಲ್ಲಿಯ ಅಂಚಿಗೆ ಉಜ್ಜುತ್ತಾ ಇತ್ತು. ಇಷ್ಟು ವರ್ಷ.

ಬ್ರಾಕೆಟ್ ಕೆಳಗೆ ವಾಷರ್ ಕೊಟ್ಟು ನೇರ ಮಾಡಿದೆ. ಹೊಸ ಪುಲ್ಲಿ, ಹೊಸ ಕೇಬಲ್. ಕೇಬಲ್ ತುದಿಯ ತಾಮ್ರದ ತೋಳನ್ನು ಒತ್ತಿದ ಮೇಲೆ ಗೇಜಿನಲ್ಲಿ ಅಳೆದೆ. ಗೇಜಿನ ಸೀಳಿನೊಳಗೆ ತೋಳು ಹೋದರೆ ಒತ್ತಿದ್ದು ಸರಿ, ಹೋಗದಿದ್ದರೆ ಕತ್ತರಿಸಿ ಮತ್ತೆ ಮಾಡಬೇಕು. ಎರಡನೇ ತೋಳು ಹೋಗಲಿಲ್ಲ. ಕತ್ತರಿಸಿ ಮತ್ತೆ ಮಾಡಿದೆ. ತಿರುಗುವ ಜಾಗದಲ್ಲಿರುವ ಬೋಲ್ಟುಗಳಿಗೆ ನೈಲಾನ್ ನಟ್ ಸಾಲದು. ಅಲ್ಲಿ ಕಿರೀಟದಂಥ ನಟ್, ಅದರ ಅಡ್ಡ ಕೋಟರ್ ಪಿನ್. ಬಿಗಿ ಮಾಡಿದ ಒಂದೊಂದು ನಟ್ಟಿನ ಮೇಲೂ ಕಿತ್ತಳೆ ಬಣ್ಣದ ಗೆರೆ ಎಳೆಯುತ್ತೇನೆ. ಗೆರೆ ಮುರಿದರೆ ನಟ್ ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ನಿಯಂತ್ರಣದ ಕೆಲಸವನ್ನು ಮಾಡಿದವನೇ ಪರೀಕ್ಷೆ ಮಾಡಿದರೆ ಸಾಲದು. ಮಾಡಿದವನ ಕಣ್ಣಿಗೆ ತಾನು ಅಂದುಕೊಂಡದ್ದೇ ಕಾಣುತ್ತದೆ. ಮಗಳನ್ನು ಬಾಲದ ಹಿಂದೆ ನಿಲ್ಲಿಸಿದೆ. ನಾನು ಏನು ಮಾಡುತ್ತೇನೆ ಅಂತ ಹೇಳದೆ ಪೆಡಲ್ ತುಳಿದೆ.

"ಈಗ ಯಾವ ಕಡೆ ಹೋಯ್ತು?"

"ಬಲಕ್ಕೆ ಅಪ್ಪಾ. ಪೂರ್ತಿ ಹೋಗಿಲ್ಲ, ಇನ್ನೂ ಸ್ವಲ್ಪ ಜಾಗ ಇದೆ."

ಅವಳು ಹೇಳಿದ್ದು ಸರಿ. ರಡ್ಡರ್ ತನ್ನ ತಡೆಗುಬ್ಬಿಗೆ ತಾಗುವ ಮೊದಲೇ ಪೆಡಲ್ ನೆಲಕ್ಕೆ ತಾಗುತ್ತಿತ್ತು. ಹೊಸ ಕೇಬಲ್ ತುಸು ಉದ್ದವಾಗಿತ್ತು. ಕೇಬಲ್ ಬಿಗಿ ಮಾಡುವ ಟರ್ನ್‌ಬಕಲ್ ತಿರುಗಿಸಿ ಸರಿ ಮಾಡಿದೆ. ಆಮೇಲೆ ಹಿರಿಯರೂ ಬಂದು, ನಾನು ಪಕ್ಕದಲ್ಲಿ ಇಲ್ಲದಾಗ, ಎಲ್ಲ ಪಿನ್ನುಗಳನ್ನೂ ತಾವೇ ಮುಟ್ಟಿ ನೋಡಿ ಸಹಿ ಹಾಕಿದರು.

ಇನ್ನು ಬಿಸಿಯ ಕಥೆಗೆ ವಾಪಸ್ ಬರುತ್ತೇನೆ.

ಗಾಳಿ ಕಣ್ಣಿಗೆ ಕಾಣುವುದಿಲ್ಲ. ಮನೆಯಲ್ಲಿ ವಿಮಾನ ಕಟ್ಟುವವರ ಚರಿತ್ರೆಯಲ್ಲಿ ಇದರ ಬೆಲೆ ದೊಡ್ಡದು. ಫ್ರಾನ್ಸಿನ ಆನ್ರಿ ಮಿನ್ಯೆ 1933ರಲ್ಲಿ ಹಾರಿಸಿದ ಎಚ್‌ಎಂ 14 ಅನ್ನುವ ಪುಟ್ಟ ವಿಮಾನವನ್ನು ಎಷ್ಟೋ ಜನ ತಾವೇ ಕಟ್ಟಿದರು. ಆಮೇಲೆ ಕೆಲವು ವಿಮಾನಗಳು ಮೂಗು ಕೆಳಗೆ ಮಾಡಿದವು ಮತ್ತೆ ಮೇಲೆತ್ತಲಾಗದೆ ನೆಲಕ್ಕೆ ಬಿದ್ದವು. ಜನ ಸತ್ತರು. ಇಡೀ ವಿಮಾನವನ್ನೇ ಗಾಳಿ ಸುರಂಗದಲ್ಲಿ ಇಟ್ಟು ನೋಡಿದ ಮೇಲೆ, 1936ರಲ್ಲಿ, ಕಾರಣ ಗೊತ್ತಾಯಿತು. ಮುಂದಿನ ರೆಕ್ಕೆ ಮತ್ತು ಹಿಂದಿನ ರೆಕ್ಕೆ ತೀರಾ ಹತ್ತಿರ ಇದ್ದವು, ಅವುಗಳ ಮಧ್ಯದ ಗಾಳಿ ಒಂದು ಕೋನದಲ್ಲಿ ವಿಮಾನದ ಮಾತು ಕೇಳುತ್ತಿರಲಿಲ್ಲ. ನನ್ನ ಸಮಸ್ಯೆ ಅದರ ಮುಂದೆ ಏನೂ ಅಲ್ಲ. ಆದರೆ ಕಾಣದ ಗಾಳಿಯನ್ನು ಊಹೆ ಮಾಡಿ ತಗಡು ಕತ್ತರಿಸುವ ಅಭ್ಯಾಸ ನನಗೂ ಇತ್ತು, ದೊಡ್ಡ ಕೂಲರ್ ತಂದಾಗ ಮಾಡಿದ್ದೂ ಅದನ್ನೇ.

ಈ ಸಲ ಅಳೆದೆ. ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ಯು ಆಕಾರದಲ್ಲಿ ಒಂದು ಹಲಗೆಗೆ ಕಟ್ಟಿ, ಬಣ್ಣದ ನೀರು ಹಾಕಿದೆ. ಒಂದು ತುದಿಯ ನಳಿಕೆಯನ್ನು ಕೂಲರಿನ ಮುಂದಕ್ಕೆ ಒಯ್ದೆ, ಇನ್ನೊಂದನ್ನು ಕೂಲರಿನ ಹಿಂದಕ್ಕೆ. ಎರಡು ಕಡೆಯ ಒತ್ತಡದಲ್ಲಿ ಎಷ್ಟು ವ್ಯತ್ಯಾಸ ಇದೆಯೋ ಅಷ್ಟು ನೀರು ಒಂದು ಬದಿಗೆ ಏರುತ್ತದೆ. ಗಾಳಿ ಕೂಲರಿನ ಮೂಲಕ ನುಗ್ಗುವುದು ಈ ವ್ಯತ್ಯಾಸದಿಂದಲೇ. ಹಲಗೆಯನ್ನು ಪಕ್ಕದ ಸೀಟಿಗೆ ಕಟ್ಟಿ ಹಾರಿದೆ.

ಲೆಕ್ಕ ಹೀಗೆ. ಗಂಟೆಗೆ 185 ಕಿಲೋಮೀಟರ್ ವೇಗದಲ್ಲಿ ಎದುರಿನ ಗಾಳಿ ಪೂರ್ತಿ ನಿಂತರೆ ಅದರ ಒತ್ತಡ ಸುಮಾರು 165 ಮಿಲಿಮೀಟರ್ ನೀರಿನಷ್ಟು. ಏರುವಾಗ ವೇಗ 120. ಆಗ ಒತ್ತಡ 69 ಮಿಲಿಮೀಟರ್ ಮಾತ್ರ. ಅಂದರೆ ಎಂಜಿನ್ ಪೂರ್ತಿ ದುಡಿಯುವ ಹೊತ್ತಿನಲ್ಲೇ ತಂಪು ಗಾಳಿಯನ್ನು ತಳ್ಳುವ ಒತ್ತಡ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಆ 69ರಲ್ಲಿ ನನ್ನ ಕೂಲರಿಗೆ ಸಿಗುತ್ತಿದ್ದದ್ದು 20. ಉಳಿದದ್ದು ಎಲ್ಲಿ ಹೋಯಿತು? ನಳಿಕೆಗಳ ಜಾಗ ಬದಲಿಸಿ ಇನ್ನೆರಡು ಸಲ ಹಾರಿದೆ. ಕೂಲರಿನ ಮುಂದೆ ಒತ್ತಡ ಚೆನ್ನಾಗಿಯೇ ಇತ್ತು. ಹಿಂದೆಯೂ ಜಾಸ್ತಿ ಇತ್ತು. ಕೌಲಿಂಗ್ ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಸಾಲುತ್ತಿರಲಿಲ್ಲ. ಒಳಗೆ ಬರುವ ಬಾಯಿ ನೋಡಿ ನೋಡಿ ನಾನು ತಲೆ ಕೆಡಿಸಿಕೊಂಡಿದ್ದೆ, ಹೊರಗೆ ಹೋಗುವ ಬಾಯಿಯ ಕಡೆ ತಿರುಗಿಯೂ ನೋಡಿರಲಿಲ್ಲ.

ಕೌಲಿಂಗ್ ತಳಕ್ಕೆ ಉಣ್ಣೆ ದಾರದ ತುಂಡುಗಳನ್ನು ಟೇಪಿನಿಂದ ಅಂಟಿಸಿ, ಚಕ್ರದ ಕಾಲಿಗೆ ಒಂದು ಪುಟ್ಟ ಕ್ಯಾಮೆರಾ ಕಟ್ಟಿ ಹಾರಿದೆ. ಆ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ನೇರ ಹಾರುವಾಗ ದಾರಗಳೆಲ್ಲ ಹಿಂದಕ್ಕೆ ನೆಟ್ಟಗೆ ಮಲಗಿದ್ದವು. ಮೂಗು ಎತ್ತಿ ಏರತೊಡಗಿದ ಕೂಡಲೇ, ಹೊರದಾರಿಯ ಅಂಚಿನ ಹತ್ತಿರದ ದಾರಗಳು ಎದ್ದು ಕುಣಿಯತೊಡಗಿದವು. ಎರಡು ದಾರ ಮುಂದಕ್ಕೇ ತಿರುಗಿದವು. ಹೊರಗಿನ ಗಾಳಿಯೇ ಒಳಗೆ ನುಗ್ಗಲು ನೋಡುತ್ತಿತ್ತು.

ದೊಡ್ಡ ಕೂಲರ್ ಬಿಚ್ಚಿ ಹಳೆಯದನ್ನು ಹಾಕಿದೆ. ಅದರ ಸುತ್ತ ಗಾಳಿ ಸೋರುತ್ತಿದ್ದ ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚಿದೆ. ಫೈರ್‌ವಾಲಿನ ಕೆಳ ಅಂಚು ಚೌಕವಾಗಿ ಮುರಿದ ಹಾಗಿತ್ತು, ಅಲ್ಲಿ ಗಾಳಿ ತಿರುಗಲಾಗದೆ ಸುಳಿಯಾಗುತ್ತಿತ್ತು. ಅದಕ್ಕೆ ದುಂಡಗೆ ಬಗ್ಗಿಸಿದ ತಗಡು ಕೂರಿಸಿದೆ. ಕೊನೆಗೆ ಹೊರದಾರಿಯ ಮುಂದಿನ ಅಂಚಿಗೆ ಕೆಳಕ್ಕೆ ಬಾಗಿದ ಒಂದು ತುಟಿ. ಅದು ಹೊರಗಿನ ಗಾಳಿಯನ್ನು ತಳ್ಳಿ, ತನ್ನ ಹಿಂದೆ ಒತ್ತಡ ಕಡಿಮೆ ಮಾಡುತ್ತದೆ. ಒಳಗಿನ ಗಾಳಿಯನ್ನು ಅದು ಎಳೆದುಕೊಳ್ಳುತ್ತದೆ. ಮೊದಲು ರಟ್ಟು, ಆಮೇಲೆ ತೆಳು ತಗಡು, ಮೂರನೇ ಸಲ ಸರಿಯಾದ ದಪ್ಪದ ತಗಡು, ಹಿಂದೆ ಗಟ್ಟಿತನಕ್ಕೆ ಒಂದು ಕೋನಪಟ್ಟಿ. ಗಾಳಿಗೆ ಅದರುವ ತುಟಿ ಎರಡು ಗಂಟೆಯಲ್ಲಿ ರಿವೆಟ್ ಕೀಳುತ್ತದೆ.

ಈ ಮೂರನ್ನೂ ಒಂದೇ ಸಲ ಮಾಡಲಿಲ್ಲ. ಒಂದು ಮಾಡಿ ಹಾರಿ, ಬರೆದುಕೊಂಡು, ಆಮೇಲೆ ಇನ್ನೊಂದು. ಸಂದು ಮುಚ್ಚಿದ್ದಕ್ಕೆ ಒತ್ತಡದ ವ್ಯತ್ಯಾಸ 20 ಮಿಲಿಮೀಟರ್ ಹೋಗಿ 25 ಆಯಿತು. ದುಂಡು ತಗಡಿಗೆ 29. ತುಟಿಗೆ 38. ಒಟ್ಟಿಗೆ ಮಾಡಿದ್ದರೆ ಯಾವುದು ಎಷ್ಟು ದುಡಿಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ.

ಕೊನೆಯ ಹಾರಾಟಕ್ಕೆ ಮುಂಚೆ ವಿಮಾನವನ್ನು ಮತ್ತೆ ತೂಗಿದೆವು. ಹ್ಯಾಂಗರಿನ ಬಾಗಿಲು ಮುಚ್ಚಿ, ಗಾಳಿ ಆಡದ ಹಾಗೆ ಮಾಡಿ, ಮೂರು ಚಕ್ರಕ್ಕೂ ಒಂದೊಂದು ತಕ್ಕಡಿ. ಎಡ 138.5 ಕಿಲೋ, ಬಲ 137, ಮೂಗು 56. ಒಟ್ಟು 331.5. ಹಿಂದಿನ ಲೆಕ್ಕ 328.7 ಇತ್ತು. ತುಟಿ, ತಗಡು, ವೈರ್, ಹೋಸಿನ ತೋಳು, ಎಲ್ಲ ಸೇರಿ 2.8 ಕಿಲೋ. ಒಂದೊಂದೂ ಕೈಯಲ್ಲಿ ಹಿಡಿದಾಗ ಹೂವಿನ ಹಾಗಿತ್ತು. ಚಕ್ರಗಳ ದೂರವನ್ನು ರೆಕ್ಕೆಯ ಮುಂದಿನ ಅಂಚಿನಿಂದ ಅಳೆದೆವು. ಹಿಂದಿನ ಚಕ್ರಗಳು 0.52 ಮೀಟರ್ ಹಿಂದೆ, ಮೂಗಿನ ಚಕ್ರ 0.85 ಮೀಟರ್ ಮುಂದೆ. ಗುಣಿಸಿ, ಕಳೆದು, ಭಾಗಿಸಿದರೆ ತೂಕದ ಕೇಂದ್ರ 289 ಮಿಲಿಮೀಟರಿನಲ್ಲಿ ಬಂತು. ಮೊದಲು 296 ಇತ್ತು. ಏಳು ಮಿಲಿಮೀಟರ್ ಮುಂದೆ. ಒಬ್ಬನೇ ಕೂತಾಗ, ಇಬ್ಬರು ಕೂತಾಗ, ಟ್ಯಾಂಕ್ ತುಂಬಿದಾಗ, ಬರಿದಾದಾಗ, ಎಲ್ಲ ಲೆಕ್ಕವನ್ನೂ ಹೊಸದಾಗಿ ಮಾಡಿ ಮಿತಿಯೊಳಗೆ ಇದೆ ಅಂತ ನೋಡಿಕೊಂಡು ಹಾಳೆಯನ್ನು ವಿಮಾನದಲ್ಲಿ ಇಟ್ಟೆ. ಹಳೆಯ ಹಾಳೆಗೆ ಅಡ್ಡ ಗೆರೆ ಎಳೆದು ಲಾಗ್ ಪುಸ್ತಕದ ಜೊತೆ ಸೇರಿಸಿದೆ, ಎಸೆಯಲಿಲ್ಲ.

ಹಾರುವ ದಿನ ಮಧ್ಯಾಹ್ನ ಬೇಕೆಂದೇ ಬಿಸಿ ಹೊತ್ತು ಆರಿಸಿದೆ. ಒಬ್ಬನೇ. ನೆಲದ ಮೇಲೆ 4000 ಸುತ್ತಿನಲ್ಲಿ ಎರಡು ಇಗ್ನಿಷನ್ನುಗಳನ್ನು ಒಂದೊಂದಾಗಿ ಆರಿಸಿ ನೋಡಿದೆ. ಒಂದರಲ್ಲಿ 120 ಸುತ್ತು ಇಳಿಯಿತು, ಇನ್ನೊಂದರಲ್ಲಿ 140. ಮಿತಿ 300, ಎರಡರ ವ್ಯತ್ಯಾಸವೂ ಚಿಕ್ಕದು. ಎದ್ದೆ. ಬೀಸುಗಾಳಿ ಇರಲಿಲ್ಲ. ರನ್‌ವೇ ಮೇಲೆಯೇ ಸುತ್ತು ಹಾಕುತ್ತಾ ಏರಿದೆ, ಏನಾದರೂ ಆದರೆ ಜಾರಿಕೊಂಡು ಬಂದು ಇಳಿಯುವ ಹಾಗೆ. ನಾಲ್ಕನೇ ನಿಮಿಷದಲ್ಲಿ 104. ಆರನೇ ನಿಮಿಷದಲ್ಲಿ 108. ಎಂಟನೇ ನಿಮಿಷದಲ್ಲೂ 108. ಲ್ಯಾಂಡಿಂಗ್ ಲೈಟ್ ಹಾಕಿದೆ, ಆರಿಸಿದೆ. ಅಂಕಿ ಅಲುಗಲಿಲ್ಲ. ಅಲ್ಲಿ ಮೇಲೆ ಒಬ್ಬನೇ ಕೂತು ಜೋರಾಗಿ ಕೂಗಿದೆ, ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಇಳಿದ ಮೇಲೆ ಕೌಲಿಂಗ್ ಬಿಚ್ಚಿ ತುಟಿಯ ರಿವೆಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಬೂದು ಕಲೆ ಇರಲಿಲ್ಲ. ಐದು ಗಂಟೆ ಹಾರಿದ ಮೇಲೆ ಮತ್ತೆ ನೋಡಿದೆ, ಹತ್ತು ಗಂಟೆಗೆ ಮತ್ತೆ. ಕಿತ್ತಳೆ ಗೆರೆಗಳೂ ಹಾಗೇ ಇವೆ.

ಈಗ ಒಂದು ಹೊಸ ಕೆಲಸ ಬಂದಿದೆ. ಚಳಿಯ ಬೆಳಗಿನಲ್ಲಿ ನೇರ ಹಾರುವಾಗ ಆಯಿಲ್ 84ಕ್ಕೇ ನಿಲ್ಲುತ್ತದೆ. ಅದೂ ಒಳ್ಳೆಯದಲ್ಲ. ಎಂಜಿನ್ ಒಳಗೆ ಸೇರುವ ನೀರಿನ ಪಸೆ ಆವಿಯಾಗಿ ಹೋಗಬೇಕಾದರೆ ಹಾರುವ ಪ್ರತಿ ದಿನವೂ ಒಮ್ಮೆಯಾದರೂ ಆಯಿಲ್ 100 ಮುಟ್ಟಬೇಕು. ಸದ್ಯಕ್ಕೆ ಕೂಲರಿನ ಮೂರನೇ ಒಂದು ಭಾಗಕ್ಕೆ ಅಲ್ಯೂಮಿನಿಯಂ ಟೇಪ್ ಅಂಟಿಸಿ ಹಾರುತ್ತಿದ್ದೇನೆ, ಬಿಸಿಲು ಬಂದ ದಿನ ಕೀಳುತ್ತೇನೆ. ಟೇಪ್ ಇದೆ ಅನ್ನುವುದು ಮರೆಯಬಾರದು ಅಂತ ಪ್ಯಾನೆಲ್ಲಿನ ಮೇಲೆ ಒಂದು ಕೆಂಪು ಚೀಟಿ ಅಂಟಿಸಿದ್ದೇನೆ. ಚಾಲಕನ ಸೀಟಿನಿಂದಲೇ ಎಳೆದು ಮುಚ್ಚುವ ಒಂದು ಪುಟ್ಟ ಬಾಗಿಲು ಮಾಡಬೇಕು ಅಂತ ಆಸೆ. ರಟ್ಟಿನಲ್ಲಿ ಮಾದರಿ ಕತ್ತರಿಸಿ ಇಟ್ಟಿದ್ದೇನೆ. ಅದು ಅರ್ಧದಾರಿಯಲ್ಲಿ ಸಿಕ್ಕಿಕೊಂಡರೆ ಗಾಳಿಯೇ ಅದನ್ನು ತೆರೆಯಬೇಕು, ಮುಚ್ಚಬಾರದು. ಕೀಲನ್ನು ಯಾವ ಅಂಚಿಗೆ ಹಾಕಬೇಕು ಅನ್ನುವುದು ಅದರ ಮೇಲೆ ನಿಂತಿದೆ. ನೀರಿನ ನಳಿಕೆಯ ಹಲಗೆ ಇನ್ನೂ ಪಕ್ಕದ ಸೀಟಿನಲ್ಲೇ ಇದೆ.